ಅಕ್ಕನ ಡ್ಯೂಟಿ ಚಾರ್ಟು, ಭಾವನ ಪ್ರೊಸೆಸರ್

ನಮ್ಮ ಭಾವನಿಗೆ ಊರವರು ಇಟ್ಟ ಹೆಸರು ಸ್ವೆಟರ್. ಎದುರಿಗೆ ಸಿಕ್ಕರೆ ಸ್ವೆಟರ್ ಸಾರ್, ಬೆನ್ನು ತಿರುಗಿಸಿದರೆ ಬರೀ ಸ್ವೆಟರ್. ನೆತ್ತಿ ಸುಡುವ ಬಿಸಿಲಿನಲ್ಲೂ ತೋಳಿಲ್ಲದ ಬೂದು ಸ್ವೆಟರ್ ಹಾಕಿಕೊಂಡು ಓಡಾಡುವ ಮನುಷ್ಯನಿಗೆ ಇನ್ನೇನು ಹೆಸರಿಡುತ್ತಾರೆ? ಹದಿನಾಲ್ಕು ವರ್ಷ ಅವರು ಒಂದು ದೊಡ್ಡ ಕಂಪನಿಯ ಸರ್ವರ್ ಕೋಣೆಯನ್ನು ನೋಡಿಕೊಂಡವರು. ಅಲ್ಲಿ ಸಾಲು ಸಾಲು ಕಪ್ಪು ಬೀರುಗಳು, ಅವುಗಳೊಳಗೆ ಬಿಡುವಿಲ್ಲದೆ ಕೆಲಸ ಮಾಡುವ ಯಂತ್ರಗಳು, ಆ ಯಂತ್ರಗಳು ಬಿಸಿಯಾಗಬಾರದೆಂದು ಮೂಳೆ ಕೊರೆಯುವ ಎ.ಸಿ. ಮನುಷ್ಯರಿಗೆ ಚಳಿಯಾದರೆ ಅದು ಮನುಷ್ಯರ ಹಣೆಬರಹ. ಅಲ್ಲಿ ಮೈಗಂಟಿದ ಸ್ವೆಟರ್ ಆಮೇಲೆ ಬಿಡಲೇ ಇಲ್ಲ.

ಆ ಕೋಣೆಯ ಒಂದು ಯಂತ್ರ ಆರು ವರ್ಷ ಒಂದು ಸಲವೂ ನಿಲ್ಲದೆ ಓಡಿತ್ತಂತೆ. ಅದನ್ನು ಹೇಳುವಾಗ ಭಾವನ ಮುಖ ನೋಡಬೇಕು. ಮದುವೆ ಫೋಟೋದಲ್ಲೂ ಅಷ್ಟು ನಗು ಇಲ್ಲ. ಒಂದು ದಿನ ಕಂಪನಿ ಯಂತ್ರಗಳನ್ನೆಲ್ಲ ಬೇರೆಲ್ಲಿಗೋ ಸಾಗಿಸಿ ಕೋಣೆಗೆ ಬೀಗ ಹಾಕಿತು. ಭಾವ ತಮ್ಮ ಸ್ಕ್ರೂಡ್ರೈವರುಗಳನ್ನು ಚೀಲಕ್ಕೆ ಹಾಕಿಕೊಂಡು ಮನೆಗೆ ಬಂದರು. ತಿಂಗಳು ಕಳೆಯುವುದರೊಳಗೆ ನನ್ನ ಜೆರಾಕ್ಸ್ ಅಂಗಡಿಯ ಮೇಲಿನ ಕೋಣೆಯಲ್ಲಿ ಕಂಪ್ಯೂಟರ್ ಜೋಡಿಸಿಕೊಡುವ ಅಂಗಡಿ ತೆರೆದರು. ನಾನು ಅವರ ಹೆಂಡತಿಯ ತಮ್ಮ. ಕೆಳಗೆ ನಾನು, ಮೇಲೆ ಭಾವ, ನಡುವೆ ಹದಿನೇಳು ಮೆಟ್ಟಿಲು.

ನನಗೆ ಕೋಪ ಮೂಗಿನ ತುದಿಯಲ್ಲೇ ಇರುತ್ತದೆ, ಮುಚ್ಚಿಡುವುದೇನಿಲ್ಲ. ನಾಲ್ಕು ಮಡಿಕೆ ಮಡಿಸಿ, ಬೆವರಲ್ಲಿ ನೆನೆಸಿ ತಂದ ಕಾಗದ ಕೊಟ್ಟು 'ನೀಟಾಗಿ ಬರಲಿ' ಅನ್ನುವವರನ್ನು ಕಂಡರೆ ಮೈಯೆಲ್ಲ ಉರಿಯುತ್ತದೆ. ಭಾವ ಹಾಗಲ್ಲ. ಯಾರು ಬಂದರೂ ಅದೇ ಮುಖ, ಅದೇ ಮೂರು ಪ್ರಶ್ನೆ. ಯಂತ್ರ ದಿನಕ್ಕೆ ಎಷ್ಟು ಗಂಟೆ ಓಡಬೇಕು? ಒಟ್ಟು ಕೆಲಸ ಎಷ್ಟಿದೆ? ನಡುವೆ ನಿಂತರೆ ಏನಾಗುತ್ತದೆ? ಉತ್ತರ ಬರೆದುಕೊಂಡು ಪೆಟ್ಟಿಗೆ ಜೋಡಿಸುತ್ತಾರೆ. ಜೋಡಿಸಿದ ಮೇಲೆ ಮೂರು ಹಗಲು ಮೂರು ರಾತ್ರಿ ಪರೀಕ್ಷೆಗೆ ಹಾಕಿ, ಪಾಸಾದರೆ ಮಾತ್ರ ಹೊರಗೆ ಕಳಿಸುತ್ತಾರೆ. ಗಿರಾಕಿ ಬಾಗಿಲಲ್ಲಿ ನಿಂತು ಬಾಯಿ ಬಡಿದುಕೊಂಡರೂ ಮೂರು ದಿನ ಎಂದರೆ ಮೂರು ದಿನ. ನಾಲ್ಕನೆಯ ಪ್ರಶ್ನೆ ಅವರು ಯಾರಿಗೂ ಕೇಳಿದ್ದನ್ನು ನಾನು ನೋಡಿಲ್ಲ. ನಿಮ್ಮ ಹೆಸರೇನು ಎಂದು ಕೂಡ ಕೇಳುವುದಿಲ್ಲ, ರಸೀದಿಗೆ ನಾನೇ ಕೇಳಬೇಕು.

ಅಕ್ಕ ಬಸ್ ಡಿಪೋದಲ್ಲಿ ಚಾರ್ಟು ಬರೆಯುವವಳು. ಡ್ರೈವರುಗಳು ಅವಳನ್ನು ಕರೆಯುವುದೇ ಚಾರ್ಟಕ್ಕ ಎಂದು. ಬಸ್ಸು ತೊಳೆಯುವ ಜಾಗದ ಮೇಲೆ ಅವಳ ಕೋಣೆ. ಕಿಟಕಿ ತೆರೆದರೆ ಡೀಸೆಲ್ ವಾಸನೆ, ಮುಚ್ಚಿದರೆ ಫೈಲುಗಳ ಧೂಳು. ಒಂದು ಸ್ಟೀಲ್ ಬೀರು, ಎರಡು ಕುರ್ಚಿ, ಗೋಡೆಗೆ ನೋಟೀಸ್ ಬೋರ್ಡು, ಮೇಜಿನ ಮೇಲೆ ಕಂಪ್ಯೂಟರು. ಯಾವ ಡ್ರೈವರು ಯಾವ ದಿನ ಯಾವ ಬಸ್ಸು ಎಷ್ಟು ಗಂಟೆಗೆ ತೆಗೆಯಬೇಕು, ಯಾರಿಗೆ ಯಾವತ್ತು ರಜೆ, ಎಲ್ಲ ಅವಳ ಚಾರ್ಟಿನಲ್ಲಿ. ಎಂಬತ್ತನಾಲ್ಕು ಡ್ರೈವರುಗಳು, ಏಳು ದಿನ. ಪ್ರತಿ ಶುಕ್ರವಾರ ಬೆಳಿಗ್ಗೆ ಎಂಟಕ್ಕೆ ರಜೆ ಅರ್ಜಿಗಳೂ ರಿಪೇರಿಗೆ ಹೋದ ಬಸ್ಸುಗಳ ಪಟ್ಟಿಯೂ ಕೈಗೆ ಬರುತ್ತವೆ. ಮಧ್ಯಾಹ್ನ ಹನ್ನೆರಡರೊಳಗೆ ಮುಂದಿನ ವಾರದ ಚಾರ್ಟು ಮುಖ್ಯ ಕಚೇರಿಗೆ ಹೋಗಬೇಕು. ಅದನ್ನು ದೊಡ್ಡ ಹಾಳೆಯಲ್ಲಿ ಪ್ರಿಂಟ್ ತೆಗೆದು ಕೊಡುವವನು ನಾನು. ಶುಕ್ರವಾರ ನಾನೇ ಡಿಪೋಗೆ ಹೋಗಿ ಫೈಲು ತರುವುದು ವಾಡಿಕೆ.

ಆ ಮನೆಯಲ್ಲಿ ಒಂದು ವಿಚಿತ್ರ ನಿಯಮವಿತ್ತು. ಮದುವೆಯಾದ ಹೊಸದರಲ್ಲಿ ಇಬ್ಬರೂ ಊಟಕ್ಕೆ ಕೂತು ತಮ್ಮ ತಮ್ಮ ಕಚೇರಿಯ ಗೋಳು ಹೇಳಿಕೊಳ್ಳಲು ಹೋಗಿ, ಯಾರ ಗೋಳು ದೊಡ್ಡದು ಎಂದು ಜಗಳವಾಗಿ, ಮೂರು ದಿನ ಮುಖ ಊದಿಸಿಕೊಂಡಿದ್ದರಂತೆ. ನಾಲ್ಕನೆಯ ದಿನ ಭಾವ ಶಾಸನ ಹೊರಡಿಸಿದರು: ಚಪ್ಪಲಿ ಬಿಡುವ ಜಾಗದಲ್ಲೇ ಕೆಲಸದ ಮಾತನ್ನೂ ಬಿಟ್ಟು ಒಳಗೆ ಬರಬೇಕು. ಇಪ್ಪತ್ತೆರಡು ವರ್ಷ ಇಬ್ಬರೂ ಅದನ್ನು ಚಾಚೂ ತಪ್ಪದೆ ಪಾಲಿಸಿದರು. ಮನೆಯಲ್ಲಿ ಶಾಂತಿ ಇತ್ತು, ಅದು ನಿಜ. ಆದರೆ ಹೆಂಡತಿ ದಿನವಿಡೀ ಏನು ಮಾಡುತ್ತಾಳೆ ಎಂಬುದು ಗಂಡನಿಗೆ ಗೊತ್ತಿರಲಿಲ್ಲ. ಬಸ್ಸಿನ ಚಾರ್ಟು ಎಂದು ಗೊತ್ತು, ಅಷ್ಟೇ.

ಈ ಕತೆ ಶುರುವಾಗುವುದು ಅಕ್ಕನ ಹಳೇ ಕಂಪ್ಯೂಟರು ಕೈಕೊಟ್ಟ ಶುಕ್ರವಾರ. ಹತ್ತೂವರೆಗೆ ಪರದೆ ಕಪ್ಪಾಯಿತು. ಮತ್ತೆ ಎಬ್ಬಿಸಿ, ಮೊದಲಿನಿಂದ ಕೂರಿಸಿ, ಚಾರ್ಟು ಕಳಿಸುವಾಗ ಎರಡು ಗಂಟೆ. ಸೋಮವಾರ ಮುಖ್ಯ ಕಚೇರಿಯಿಂದ ಪತ್ರ ಬಂತು. ವರ್ಷದಲ್ಲಿ ಮೂರು ಸಲ ತಡವಾದರೆ ಆ ಡಿಪೋದ ಚಾರ್ಟು ಕೆಲಸವನ್ನು ಮುಖ್ಯ ಕಚೇರಿಯೇ ವಹಿಸಿಕೊಳ್ಳುತ್ತದೆ, ಚಾರ್ಟು ಬರೆಯುವವರನ್ನು ಕಳೆದುಹೋದ ಸಾಮಾನುಗಳ ಕೌಂಟರಿಗೆ ಹಾಕಲಾಗುತ್ತದೆ. ಪ್ರಯಾಣಿಕರು ಬಿಟ್ಟುಹೋದ ಕೊಡೆ, ಒಂಟಿ ಚಪ್ಪಲಿ, ಟಿಫಿನ್ ಡಬ್ಬಿಗಳ ಕಾವಲು. ಇದು ಮೊದಲನೆಯ ಸಲ ಎಂದು ಕೆಂಪಿನಲ್ಲಿ ಗೆರೆ ಹಾಕಿದ್ದರು.

ಡಿಪೋ ಮ್ಯಾನೇಜರು ಒಳ್ಳೆಯವರು. "ನಿಮ್ಮ ಯಜಮಾನ್ರದೇ ಅಂಗಡಿ ಇದೆಯಲ್ಲಮ್ಮ, ಹೊಸ ಪೆಟ್ಟಿಗೆ ಮಾಡಿಸಿಬಿಡಿ," ಎಂದರು. ಭಾವ ತಮ್ಮ ಮೂರು ಪ್ರಶ್ನೆಗಳನ್ನು ಕಾಗದದಲ್ಲಿ ಬರೆದು ಕಳಿಸಿದರು. ಯಾರಿಗೆ? ಹೆಂಡತಿಗಲ್ಲ, ಮ್ಯಾನೇಜರಿಗೆ! ಒಂದೇ ಮನೆಯಲ್ಲಿ ಮಲಗೇಳುವ ಹೆಂಡತಿ, ಅವಳು ಕೂತು ಕೆಲಸ ಮಾಡುವ ಯಂತ್ರ. ಇವರ ಪತ್ರ ವ್ಯವಹಾರ ಮಾತ್ರ ಮ್ಯಾನೇಜರ ಜೊತೆ. ಮ್ಯಾನೇಜರು ತಮಗೆ ತಿಳಿದಂತೆ ಉತ್ತರ ಕೊಟ್ಟರು: ಡಿಪೋ ಇಪ್ಪತ್ನಾಲ್ಕು ಗಂಟೆ ನಡೆಯುತ್ತದೆ, ವಾರಕ್ಕೆ ಎರಡು ಸಾವಿರ ಟ್ರಿಪ್ಪು, ನಿಂತರೆ ಎಲ್ಲರ ತಲೆ ಹೋಗುತ್ತದೆ.

ಭಾವ ಕಾಗದ ಓದಿ ಖುಷಿಯಾಗಿ ಕೆಳಗೆ ಇಳಿದು ಬಂದರು. "ಇದಕ್ಕೆ ಸರ್ವರ್ ಪ್ರೊಸೆಸರೇ ಸರಿ ಕಣಯ್ಯ."

"ಅದೂ ಇದೂ ಏನು ವ್ಯತ್ಯಾಸ ಭಾವ? ಎರಡೂ ಲೆಕ್ಕ ಮಾಡೋ ತಗಡು ತಾನೇ?"

ನಾನು ಹಾಗೆ ಅಂದದ್ದು ಅವರಿಗೆ ಹಿಡಿಸಲಿಲ್ಲ. ಆದರೂ ಬಿಡಿಸಿ ಹೇಳಿದರು. ಮನೆ ಕಂಪ್ಯೂಟರಿಗೆ ಹಾಕುವ ಪ್ರೊಸೆಸರಿನಲ್ಲಿ ಎಂಟು ಜನ ಕೆಲಸಗಾರರಿದ್ದಾರೆ ಎಂದುಕೊ. ಎಂಟೂ ಜನ ಭಾರೀ ಚುರುಕು. ಸರ್ವರ್ ಪ್ರೊಸೆಸರಿನಲ್ಲಿ ಇಪ್ಪತ್ತೆಂಟು ಜನ. ಒಬ್ಬೊಬ್ಬರೂ ಸ್ವಲ್ಪ ನಿಧಾನ, ಆದರೆ ವರ್ಷಗಟ್ಟಲೆ ಕೂರದೆ, ಮಲಗದೆ ದುಡಿಯುತ್ತಾರೆ. ಅದರ ಜೊತೆ ಬರುವ ಮೆಮೊರಿಯೂ ಬೇರೆ ಜಾತಿಯದು. ಎಲ್ಲೋ ಒಂದು ಅಂಕಿ ತನಗೆ ತಾನೇ ತಿರುವುಮುರುವಾದರೆ ಅದೇ ಕಂಡುಹಿಡಿದು ಸರಿ ಮಾಡಿಕೊಳ್ಳುತ್ತದೆ. "ತಪ್ಪು ಆಗೋದು ದೊಡ್ಡದಲ್ಲ. ತಪ್ಪು ಆಗಿದೆ ಅಂತ ಯಾರಿಗೂ ಗೊತ್ತೇ ಆಗದೆ ಹೋಗುತ್ತಲ್ಲ, ಅದು ನಂಗೆ ಭಯ," ಎಂದರು. ಭಾವನ ಬಾಯಿಂದ ಭಯ ಎಂಬ ಮಾತು ನಾನು ಕೇಳಿದ್ದು ಅದೇ ಮೊದಲು.

ಅಕ್ಕ ಮಾತ್ರ ಒಂದು ಸಲ, ಚಪ್ಪಲಿ ಬಿಡುವ ಜಾಗದಲ್ಲೇ ನಿಂತು, ನಿಯಮ ಮುರಿಯದ ಹಾಗೆ ಹೇಳಿದ್ದಳು. "ರೀ, ನಂಗೆ ಬೇಗ ಆಗೋದು ಬೇಕು. ಪ್ರತಿ ಸಲ ಗುಂಡಿ ಒತ್ತಿದಾಗ್ಲೂ ಕಾಯ್ಬೇಕು."

"ಬೇಗ ಆಗುತ್ತೆ ಬಿಡು. ಇಪ್ಪತ್ತೆಂಟು ಜನ ಇದ್ದಾರೆ," ಎಂದು ಭಾವ ಒಳಗೆ ಹೋದರು.

ಮೂರು ಹಗಲು ಮೂರು ರಾತ್ರಿ ಪರೀಕ್ಷೆಯಾಗಿ ಆ ಪೆಟ್ಟಿಗೆ ಡಿಪೋಗೆ ಹೋಯಿತು. ಅಬ್ಬಾ, ಏನು ಭಾರ! ಮೆಟ್ಟಿಲು ಹತ್ತಿಸಿದ್ದು ನಾನು, ಸೊಂಟ ಹಿಡಿದುಕೊಂಡದ್ದೂ ನನಗೇ. ಒಳಗಿನ ಫ್ಯಾನುಗಳ ಸದ್ದಿಗೆ ಕೆಳಗೆ ಬಸ್ಸು ತೊಳೆಯುವವರು ತಲೆಯೆತ್ತಿ ನೋಡಿದರು. ಸ್ವಿಚ್ ಹಾಕಿದ ಮೇಲೆ ಅದು ತನ್ನ ಅಂಗಾಂಗಗಳನ್ನೆಲ್ಲ ಒಂದೊಂದಾಗಿ ಮುಟ್ಟಿ ನೋಡಿಕೊಂಡು ಎಚ್ಚರವಾಗಲು ಏಳು ನಿಮಿಷ. ಭಾವ ಅದನ್ನು ಹೆಮ್ಮೆಯಿಂದ ನೋಡುತ್ತ ನಿಂತಿದ್ದರು. ಅಕ್ಕ ಗೋಡೆ ಗಡಿಯಾರ ನೋಡುತ್ತ ನಿಂತಿದ್ದಳು.

ಶುಕ್ರವಾರ ಹನ್ನೆರಡಕ್ಕೆ ನಾನು ಡಿಪೋಗೆ ಹೋದರೆ ಚಾರ್ಟು ಇನ್ನೂ ಆಗಿಲ್ಲ. ಅಕ್ಕ ಕೆಂಪು ಕಣ್ಣು ಬಿಟ್ಟುಕೊಂಡು ಪರದೆಯನ್ನೇ ನೋಡುತ್ತಿದ್ದಾಳೆ. "ಮಾತಾಡಿಸಬೇಡ ಕಣೋ," ಎಂದಳು. ಹನ್ನೆರಡೂ ನಲವತ್ತಕ್ಕೆ ಮುಗಿಯಿತು. ಸೋಮವಾರ ಎರಡನೆಯ ಪತ್ರ ಬಂತು, ಕೆಂಪು ಗೆರೆ ಎರಡು.

ಅವತ್ತು ಸಂಜೆ ನಾನೂ ಅವರ ಮನೆಯಲ್ಲೇ ಇದ್ದೆ. ಅಕ್ಕ ಚಪ್ಪಲಿ ಬಿಟ್ಟಳು, ಮಾತು ಬಿಡಲಿಲ್ಲ. ಪತ್ರವನ್ನು ತಂದು ಊಟದ ಮೇಜಿನ ಮೇಲೆ ಇಟ್ಟಳು. "ನಿಮ್ಮ ಇಪ್ಪತ್ತೆಂಟು ಜನ ಏನ್ ಮಾಡ್ತಿದ್ರು ಕೇಳಿ. ಒಂದು ಸಲ ಗುಂಡಿ ಒತ್ತಿದ್ರೆ ಹಳೇದು ನಲವತ್ತು ಸೆಕೆಂಡ್ ತಗೋತಿತ್ತು, ಇದು ಐವತ್ತೈದು! ಸೂಜಿಗೆ ದಾರ ಹಾಕೋಕೆ ಇಪ್ಪತ್ತೆಂಟು ಜನ ಯಾಕ್ರೀ?"

"ಮನೇಲಿ ಕೆಲಸದ ಮಾತು..." ಎಂದು ಭಾವ ಶುರುಮಾಡಿದರು.

"ಇನ್ನೊಂದು ಸಲ ತಡ ಆದ್ರೆ ಮಾತಾಡೋಕೆ ಕೆಲಸಾನೇ ಇರಲ್ಲ. ಕೊಡೆ ಕಾಯ್ತಾ ಕೂರ್ತೀನಿ!" ಎಂದು ಅಕ್ಕ ಅತ್ತೇ ಬಿಟ್ಟಳು. ನಮ್ಮ ಅಪ್ಪ ತೀರಿಕೊಂಡಾಗಲೂ ಅವಳು ಬಚ್ಚಲಿಗೆ ಹೋಗಿ ಬಾಗಿಲು ಹಾಕಿಕೊಂಡು ಅತ್ತವಳು. ನನಗೆ ಭಾವನ ಮೇಲೆ ಸಿಟ್ಟು ಬಂತು. ಭಾವ ಪತ್ರವನ್ನು ಎರಡು ಸಲ ಓದಿ, ಮಡಿಸಿ, ಸ್ವೆಟರಿನ ಕೆಳಗಿನ ಜೇಬಿನಲ್ಲಿಟ್ಟುಕೊಂಡರು.

ಮರುದಿನ ಬೆಳಿಗ್ಗೆ ಅವರು ಅಂಗಡಿ ತೆರೆಯಲಿಲ್ಲ. ಅಕ್ಕನ ಜೊತೆ ಡಿಪೋಗೆ ಹೋಗಿ ಅವಳ ಪಕ್ಕದ ಕುರ್ಚಿಯಲ್ಲಿ ಕೂತರು. ಇದನ್ನೆಲ್ಲ ಅಕ್ಕ ನನಗೆ ಆಮೇಲೆ ಹೇಳಿದ್ದು. ಕಳೆದ ವಾರದ ಚಾರ್ಟನ್ನೇ ಅಕ್ಕ ಮತ್ತೆ ಮಾಡಿ ತೋರಿಸಿದಳು, ಇವರು ಮೊದಲ ಒಂದು ಗಂಟೆ ಕೈಗಡಿಯಾರ ಹಿಡಿದು ಸೆಕೆಂಡು ಎಣಿಸಿದರಂತೆ. ಆಮೇಲೆ ಪರದೆಯ ಮೂಲೆಯಲ್ಲಿ ಏನೋ ಒಂದು ಕಿಟಕಿ ತೆರೆದರು. ಅದರಲ್ಲಿ ಇಪ್ಪತ್ತೆಂಟು ಗೀಟುಗಳು. ಅಕ್ಕ ಗುಂಡಿ ಒತ್ತಿದಾಗ ಒಂದು ಗೀಟು ಮಾತ್ರ ಮೇಲಕ್ಕೆದ್ದಿತು, ಉಳಿದ ಇಪ್ಪತ್ತೇಳೂ ನೆಲ ಬಿಟ್ಟು ಏಳಲಿಲ್ಲ. ಚಾರ್ಟಿನ ಪ್ರೋಗ್ರಾಂ ಬರೆದವನು ಯಾವ ಕಾಲದಲ್ಲೋ ಬರೆದು ನಿವೃತ್ತನಾದ ಒಬ್ಬ ಗುಮಾಸ್ತ. ಅವನ ಕಾಲದ ಯಂತ್ರದಲ್ಲಿ ಇದ್ದದ್ದೇ ಒಬ್ಬ ಕೆಲಸಗಾರ. ಪ್ರೋಗ್ರಾಮಿಗೆ ಇಬ್ಬರಿಗೆ ಕೆಲಸ ಹಂಚಲು ಬರುವುದಿಲ್ಲ. ಭಾವ ಪೆಚ್ಚಾದರು.

"ಆದ್ರೆ ಪ್ರೋಗ್ರಾಂ ಅರ್ಧ ಗಂಟೇಲಿ ಚಾರ್ಟು ಕೊಡ್ತಲ್ಲ. ಆಮೇಲೆ ನೀನು ಯಾಕೆ ನೂರೈವತ್ತು ಸಲ ಗುಂಡಿ ಒತ್ತುತೀಯ?" ಎಂದು ಕೇಳಿದರು. ಇಪ್ಪತ್ತೆರಡು ವರ್ಷಕ್ಕೆ ಮೊದಲ ಪ್ರಶ್ನೆ.

"ಅದು ಕೊಡೋದು ಕಾನೂನಿನ ಚಾರ್ಟು. ಇಷ್ಟು ಗಂಟೆ ಕೆಲಸ, ಇಷ್ಟು ಗಂಟೆ ವಿಶ್ರಾಂತಿ, ಎಲ್ಲ ಸರಿ ಇರುತ್ತೆ. ಜನಕ್ಕೆ ಸರಿ ಮಾಡೋದು ನಾನು," ಎಂದು ಅಕ್ಕ ಬೆರಳಿಟ್ಟು ತೋರಿಸಿದಳು. ಈ ಡ್ರೈವರಿಗೆ ಸಂಜೆ ಪಡುವಣ ರಸ್ತೆ ಕೊಡಬಾರದು, ಇಳಿಬಿಸಿಲಿಗೆ ಕಣ್ಣಲ್ಲಿ ನೀರು ಸುರಿಯುತ್ತದೆ. ಹೇಳಿಕೊಂಡರೆ ಕೆಲಸ ಹೋಗುತ್ತದೆಂದು ಡಾಕ್ಟರಿಗೂ ತೋರಿಸಿಲ್ಲ, ತೋರಿಸು ಎಂದು ಅಕ್ಕನೇ ಬೆನ್ನುಹತ್ತಿದ್ದಾಳೆ. ಈ ಇಬ್ಬರು ಷಡ್ಡಕರು, ಮಾತು ಬಿಟ್ಟು ನಾಲ್ಕು ವರ್ಷ. ಒಬ್ಬ ಇಳಿದ ಬಸ್ಸನ್ನು ಇನ್ನೊಬ್ಬನಿಗೆ ಕೊಟ್ಟರೆ ಬ್ರೇಕ್ ಸಡಿಲ ಇರುವುದನ್ನೂ ಹೇಳುವುದಿಲ್ಲ. ಇವನ ಹೆಂಡತಿಗೆ ಮಂಗಳವಾರ ಮಂಗಳವಾರ ಆಸ್ಪತ್ರೆಯಲ್ಲಿ ರಕ್ತ ಶುದ್ಧಿ ಮಾಡಿಸಬೇಕು. ಒಬ್ಬನನ್ನು ಈ ಕಡೆ ಎಳೆದರೆ ಮೂವರು ಆ ಕಡೆ ಜಾರುತ್ತಾರೆ. ಅದಕ್ಕೇ ಒಂದೊಂದು ಸಲ ಕೈಯಿಟ್ಟಾಗಲೂ ಗುಂಡಿ ಒತ್ತಿ, ಪ್ರೋಗ್ರಾಂ ಮತ್ತೆ ಲೆಕ್ಕ ಹಾಕುವವರೆಗೆ ಕಾದು, ನೋಡಬೇಕು.

ಭಾವ ಮಧ್ಯಾಹ್ನದವರೆಗೂ ಕೇಳಿಸಿಕೊಂಡರಂತೆ. ಕೊನೆಗೆ, "ಹಂಗಾದ್ರೆ ನಿನಗೆ ಬೇಕಾಗಿರೋದು ಚುರುಕಾದ ಒಬ್ಬನೇ ಒಬ್ಬ. ಮನೆ ಕಂಪ್ಯೂಟರಿನ ಪ್ರೊಸೆಸರು," ಎಂದರು. ಎಂದವರು ಪೆಟ್ಟಿಗೆಯ ಮೇಲೆ ಕೈಯಿಟ್ಟರು. ಆಮೇಲೆ, "ಆದ್ರೆ ಅದಕ್ಕೆ ನಾನು ಹಾಕೋ ಮೆಮೊರಿ ತನ್ನ ತಪ್ಪು ತಾನೇ ಹಿಡಿಯಲ್ಲ. ಎಲ್ಲೋ ಒಂದು ಅಂಕಿ ಹೆಚ್ಚುಕಮ್ಮಿ ಆದ್ರೆ?"

"ನಂಗೆ ಗೊತ್ತಾಗುತ್ತೆ ಕಣ್ರೀ. ಎಂಬತ್ನಾಲ್ಕು ಜನರ ಮುಖಾನೂ ಗೊತ್ತಿದೆ ನಂಗೆ."

ಬುಧವಾರ ಹೊಸ ಪೆಟ್ಟಿಗೆ ಜೋಡಣೆಯಾಯಿತು. ಅಂಗಡಿಯಲ್ಲಿ ಮಕ್ಕಳ ಆಟಕ್ಕೆಂದು ಜನ ಕೊಂಡುಹೋಗುವ, ಎಂಟೇ ಕೆಲಸಗಾರರ ಸಾಧಾರಣ ಪ್ರೊಸೆಸರು. ಭಾವ ಅದನ್ನು ಕೂರಿಸುವಾಗ ನಾನು ಮೇಲೆ ಹೋಗಿದ್ದೆ. "ಏನ್ ಭಾವ, ಆಟದ ಸಾಮಾನು ಹಾಕ್ತಿದ್ದೀರಿ?" ಎಂದು ಕಾಲೆಳೆದೆ. ಬೇರೆ ದಿನವಾಗಿದ್ದರೆ ಸರ್ವರ್ ಕೋಣೆಯ ಪುರಾಣ ತೆಗೆಯುತ್ತಿದ್ದರು. ಅವತ್ತು, "ಮಾಡೋ ಕೆಲಸ ಯಾವುದು ಅಂತ ನೋಡದೆ ಹಾಕಿದ್ದೆ. ತಪ್ಪು ನಂದು," ಎಂದರು, ತಲೆ ಎತ್ತದೆ. ಮೂರು ದಿನದ ಪರೀಕ್ಷೆಗೆ ಸಮಯವಿರಲಿಲ್ಲ. ಒಂದೇ ದಿನ ಓಡಿಸಿ ಗುರುವಾರ ಸಂಜೆ ಕೊಟ್ಟರು. ಅಂಗಡಿ ತೆರೆದ ಹದಿನೈದು ವರ್ಷದಲ್ಲಿ ಯಾರಿಗೂ ಮಾಡದ ಉಪಕಾರ ಅದು.

ಗುಂಡಿ ಒತ್ತಿದರೆ ಹದಿನಾಲ್ಕು ಸೆಕೆಂಡು. ಅಕ್ಕ ಮೊದಲ ಸಲ ಒತ್ತಿ, ಅಭ್ಯಾಸದಂತೆ ನೀರು ಕುಡಿಯಲು ಬಾಟಲಿ ಎತ್ತಿಕೊಂಡಳು. ಮುಚ್ಚಳ ತಿರುಗಿಸುವಷ್ಟರಲ್ಲಿ ಉತ್ತರ ಬಂದುಬಿಟ್ಟಿತ್ತು. ಆ ಶುಕ್ರವಾರ ಹತ್ತೂ ಮುಕ್ಕಾಲಿಗೇ ಚಾರ್ಟು ಮುಗಿಯಿತು. ಮುಂದಿನ ಶುಕ್ರವಾರವೂ ಅಷ್ಟೇ, ಅದರ ಮುಂದಿನದೂ ಅಷ್ಟೇ. ಅಕ್ಕ ಹಾಡು ಗುನುಗುತ್ತ ನನ್ನ ಅಂಗಡಿಗೆ ಬರತೊಡಗಿದಳು. ಸದ್ಯ, ಗಂಡಾಂತರ ಕಳೆಯಿತು ಎಂದು ನಾನೂ ಉಸಿರುಬಿಟ್ಟೆ.

ನಾಲ್ಕನೆಯ ವಾರ ಮುಖ್ಯ ಕಚೇರಿಯಿಂದ ಒಬ್ಬ ಸಾಹೇಬರು ಬಂದರು. ಚಾರ್ಟು ಇಷ್ಟು ಬೇಗ ಹೇಗೆ ಬರುತ್ತಿದೆ ಎಂದು ನೋಡುವುದಕ್ಕೆ. ಹನ್ನೊಂದು ಗಂಟೆಗೆ ಅಕ್ಕ ಖಾಲಿ ಕೂತಿದ್ದನ್ನು ಕಣ್ಣಾರೆ ಕಂಡರು. ಬಹಳ ಮೆಚ್ಚಿಕೊಂಡರು. ಕೈ ಕುಲುಕಿದರು. ಸೋಮವಾರ ಪತ್ರ ಬಂತು: ಇನ್ನು ಮುಂದೆ ಪಕ್ಕದ ಎರಡು ಡಿಪೋಗಳ ಚಾರ್ಟನ್ನೂ ಇವರೇ ಬರೆಯತಕ್ಕದ್ದು. ಒಟ್ಟು ಇನ್ನೂರ ನಲವತ್ತೈದು ಡ್ರೈವರುಗಳು. ಅದೇ ಶುಕ್ರವಾರ, ಅದೇ ಹನ್ನೆರಡು ಗಂಟೆ. ಹಳೆಯ ಎರಡು ಕೆಂಪು ಗೆರೆ ಹಾಗೇ ಉಳಿದಿವೆ, ಮೂರನೆಯದು ಬಿದ್ದರೆ ನಿಯಮ ಜಾರಿ. ಆ ಡಿಪೋಗಳಲ್ಲಿ ಚಾರ್ಟು ಬರೆಯುತ್ತಿದ್ದವರಲ್ಲಿ ಒಬ್ಬರು ನಿವೃತ್ತಿಯಾಗಿದ್ದರು, ಇನ್ನೊಬ್ಬರನ್ನು ಕೊಡೆಗಳ ಕೌಂಟರಿಗೆ ಕಳಿಸಿದ್ದರು.

ನನಗೆ ಬಂದ ಕೋಪಕ್ಕೆ ಆ ಸಾಹೇಬರು ಎದುರಿಗಿದ್ದಿದ್ದರೆ ನಾಲ್ಕು ಮಾತು ಬಿಡುತ್ತಿದ್ದೆ. ನಿಧಾನವಾದರೆ ಕಿತ್ತು ಹಾಕುತ್ತಾರೆ, ಬೇಗ ಮಾಡಿದರೆ ಮೂರು ಪಟ್ಟು ಹೇರುತ್ತಾರೆ, ಇದೆಲ್ಲಿಯ ನ್ಯಾಯ? ಅಕ್ಕ ಬೈಯಲಿಲ್ಲ. ಭಾವನನ್ನು ನೋಡಿ ಇಷ್ಟೇ ಅಂದಳು, "ಬೇಗ ಮಾಡಿಕೊಡಿ ಅಂತ ಕೇಳಿದ್ದು ನಾನೇ."

ಮೂರು ಚಾರ್ಟಿನ ಮೊದಲ ಶುಕ್ರವಾರ ಅವಳು ತನ್ನ ಡಿಪೋದ್ದನ್ನು ಎಂದಿನಂತೆ ಮಾಡಿದಳು. ಉಳಿದೆರಡನ್ನು ಪ್ರೋಗ್ರಾಂ ಕೊಟ್ಟ ಹಾಗೇ ಕಳಿಸಿದಳು. ಹೊಸ ಹೆಸರುಗಳನ್ನೆಲ್ಲ ತುಂಬಿಸಿ ಮುಗಿಸುವಾಗ ಹನ್ನೆರಡಕ್ಕೆ ಹತ್ತು ನಿಮಿಷವಿತ್ತು. ಕೆಂಪು ಗೆರೆ ಬೀಳಲಿಲ್ಲ. ಆದರೆ ಆ ವಾರವಿಡೀ ಅವಳಿಗೆ ಊಟ ಸೇರಲಿಲ್ಲ. ಅವರ ಮನೆಯಲ್ಲಿ ಈಗ ಕೆಲಸದ ಮಾತು ರಾಜಾರೋಷವಾಗಿ ನಡೆಯುತ್ತಿತ್ತು, ಬರೀ ಅದೇ ನಡೆಯುತ್ತಿತ್ತು. "ನೂರ ಅರವತ್ತೊಂದು ಹೆಸರು ಕಣ್ರೀ. ಒಂದು ಮುಖಾನೂ ಗೊತ್ತಿಲ್ಲ," ಎನ್ನುತ್ತಿದ್ದಳು. ಭಾವ ಅನ್ನ ಕಲಸುತ್ತಲೇ ಇರುತ್ತಿದ್ದರು, ಬಾಯಿಗೆ ಇಡುತ್ತಿರಲಿಲ್ಲ.

ಎರಡನೆಯ ಶುಕ್ರವಾರ ನಾನು ಹತ್ತೂವರೆಗೇ ಡಿಪೋಗೆ ಹೋದೆ. ಮೂರು ಚಾರ್ಟಿನ ಪ್ರಿಂಟು, ಬೇಗ ಸಿಕ್ಕಿದ್ದನ್ನು ಬೇಗ ಒಯ್ಯೋಣವೆಂದು. ಭಾವನೂ ಅಲ್ಲಿದ್ದರು. ಪೆಟ್ಟಿಗೆಯ ಫ್ಯಾನಿಗೆ ಧೂಳು ಕೂರುತ್ತದೆ ಎಂಬುದೊಂದು ನೆವ. ಅಕ್ಕ ತನ್ನ ಡಿಪೋದ ಚಾರ್ಟು ಮುಗಿಸಿದ್ದಳು, ಉಳಿದೆರಡು ಪ್ರೋಗ್ರಾಮಿನಿಂದ ಹೊರಬಂದು ಪರದೆಯ ಮೇಲಿದ್ದವು. ಕಳಿಸುವುದೊಂದೇ ಬಾಕಿ. ಅಷ್ಟರಲ್ಲಿ ಬಾಗಿಲಲ್ಲಿ ಒಬ್ಬ ಮನುಷ್ಯ ನಿಂತ. ಐವತ್ತರ ಆಸುಪಾಸು, ಡ್ರೈವರಿನ ಸಮವಸ್ತ್ರ, ಕೈಯಲ್ಲಿ ಟೋಪಿ. ಪಕ್ಕದ ಡಿಪೋದವನು ಎಂದು ಹೇಳಿಕೊಂಡ.

"ಏನಾಗ್ಬೇಕಿತ್ತು?" ಎಂದಳು ಅಕ್ಕ.

"ಏನಿಲ್ಲ ಮೇಡಂ. ಚಾರ್ಟು ಬರೆಯೋರು ಯಾರು ಅಂತ ನೋಡ್ಕೊಂಡು ಹೋಗೋಣ ಅಂತ ಬಂದೆ."

"ಚಾರ್ಟಲ್ಲಿ ತಪ್ಪಿತ್ತಾ?"

"ತಪ್ಪಿಲ್ಲ ಮೇಡಂ. ಎಲ್ಲ ಕಾನೂನು ಪ್ರಕಾರಾನೇ ಇದೆ. ಆರು ದಿನಾನೂ ಬೆಳಗಿನ ಮೊದಲನೇ ಬಸ್ಸು ಬಂದಿತ್ತು ನಂಗೆ. ಬರಬಾರದು ಅಂತೇನಿಲ್ಲ." ಅವನು ಟೋಪಿಯನ್ನು ಒಂದು ಸುತ್ತು ತಿರುಗಿಸಿದ. "ನಮ್ಮನೆಯೋಳಿಗೆ ಕಣ್ಣು ಕಾಣಲ್ಲ ಮೇಡಂ. ಬೆಳಿಗ್ಗೆ ಸ್ಟವ್ ಹಚ್ಚೋದು ನಾನೇ. ಹಿಂದಿನ ಚಾರ್ಟಿನವರಿಗೆ ಗೊತ್ತಿತ್ತು, ನಂಗೆ ಬೆಳಗಿನ ಬಸ್ಸು ಹಾಕ್ತಿರಲಿಲ್ಲ. ಈ ವಾರ ಅವಳೇ ಹಚ್ಚೋಕೆ ಹೋಗಿದಾಳೆ. ಮೊಣಕೈವರೆಗೂ ಸುಟ್ಕೊಂಡಿದಾಳೆ. ನಿಮ್ಮ ಮೇಲೆ ದೂರು ಅಲ್ಲ ಮೇಡಂ, ನಿಮಗೆ ಹೇಗೆ ಗೊತ್ತಾಗ್ಬೇಕು?"

ಅಕ್ಕನ ಮುಖ ಕಪ್ಪಿಟ್ಟಿತು. ಬಾಯಿಗೆ ಸೆರಗು ಒತ್ತಿಕೊಂಡೇ ಪರದೆಯ ಕಡೆ ತಿರುಗಿದಳು. ಅವನ ಎದೆಯ ಮೇಲಿನ ಬ್ಯಾಡ್ಜ್ ನಂಬರು ನೋಡಿ ಅವನ ಸಾಲು ಹುಡುಕಿದಳು. ಮುಂದಿನ ವಾರದ ಚಾರ್ಟಿನಲ್ಲೂ ಆರು ದಿನ ಬೆಳಗಿನ ಮೊದಲನೇ ಬಸ್ಸೇ ಇತ್ತು. ಅವನನ್ನು ಮಧ್ಯಾಹ್ನಕ್ಕೆ ಎಳೆದು ಗುಂಡಿ ಒತ್ತಿದಳು. ಹದಿನಾಲ್ಕು ಸೆಕೆಂಡು. ಅವನ ಜಾಗಕ್ಕೆ ಇನ್ನೊಬ್ಬ ಬೆಳಗಿನ ಬಸ್ಸಿಗೆ ಬಂದ.

"ಇವರು ಯಾರು? ಇವರ ಮನೇಲಿ ಹೇಗೆ?" ಎಂದು ಅಕ್ಕ ಕೇಳಿದಳು.

"ಅವನಾ? ಅವನಿಗೆ ಅವಳಿ ಮಕ್ಕಳು ಮೇಡಂ, ತಾಯಿ ಇಲ್ಲ. ಸ್ಕೂಲಿಗೆ ಬಿಟ್ಟು ಬರಬೇಕು. ಬೆಳಿಗ್ಗೆ ಹಾಕಿದ್ರೆ ಪಾಪ..."

ಅಕ್ಕನ ಕೈ ಕೀಲಿಮಣೆಯ ಮೇಲೇ ನಿಂತಿತು. ನಾನು ಗಡಿಯಾರ ನೋಡಿದೆ. ಹನ್ನೊಂದು. "ಅಕ್ಕ, ಕಳಿಸಿಬಿಡೇ," ಎಂದೆ. "ಇವರೊಬ್ಬರದು ಸರಿ ಮಾಡಿ ಕಳಿಸು. ಉಳಿದದ್ದು ಮುಂದಿನ ವಾರ ನೋಡಿದ್ರಾಯ್ತು. ಮೂರನೇ ಗೆರೆ ಬಿದ್ರೆ ಮುಗೀತು, ಗೊತ್ತಲ್ಲ?"

ಅಕ್ಕ ಡ್ರೈವರಿನತ್ತ ಕುರ್ಚಿ ತಿರುಗಿಸಿದಳು. "ನಿಮ್ಮ ಡಿಪೋದಲ್ಲಿ ಎಷ್ಟು ಜನ?" ಎಂದು ಆ ಡ್ರೈವರನ್ನು ಕೇಳಿದಳು.

"ತೊಂಬತ್ತು ಜನ ಮೇಡಂ."

"ಎಲ್ಲರೂ ಗೊತ್ತಾ ನಿಮಗೆ?"

"ಇಪ್ಪತ್ತೇಳು ವರ್ಷ ಆಯ್ತು ಮೇಡಂ ಅಲ್ಲಿ. ಗೊತ್ತಿಲ್ದೆ ಏನು?"

ಭಾವ ಇನ್ನೊಂದು ಕುರ್ಚಿಯ ಮೇಲೆ ಹರಡಿದ್ದ ಸ್ಕ್ರೂಡ್ರೈವರುಗಳನ್ನೆಲ್ಲ ಬಾಚಿ ನೆಲಕ್ಕೆ ಹಾಕಿದರು. ಡ್ರೈವರನ್ನು ಅಲ್ಲಿ ಕೂರಿಸಿದರು. ಅಕ್ಕನ ಮೇಜಿನಿಂದ ಒಂದು ಖಾಲಿ ರಿಜಿಸ್ಟರ್ ಎಳೆದುಕೊಂಡು, ಬೀರುವಿಗೆ ಒರಗಿ ನೆಲದ ಮೇಲೆ ಕಾಲು ಚಾಚಿ ಕೂತರು. "ಮೊದಲು ನಿಮ್ಮ ಹೆಸರು ಹೇಳಿ," ಎಂದರು. "ಆಮೇಲೆ ಪಟ್ಟೀಲಿರೋ ಹಾಗೆ ಒಬ್ಬೊಬ್ಬರದಾಗಿ. ನಾನು ಬರ್ಕೋತೀನಿ, ಅವಳು ಕೂರಿಸ್ತಾಳೆ."

ಹನ್ನೆರಡಕ್ಕೆ ಸರಿಯಾಗಿ ಮೇಜಿನ ಮೇಲಿನ ಫೋನು ಬಡಿದುಕೊಂಡಿತು. ಮುಖ್ಯ ಕಚೇರಿಯದು. ಮೂವತ್ತೊಂದನೆಯ ಡ್ರೈವರಿನವರೆಗೆ ಬಂದಿದ್ದರು. ನಾನು ಅಕ್ಕನ ಮುಖ ನೋಡಿದೆ, ಭಾವನೂ ತಲೆಯೆತ್ತಿ ನೋಡಿದರು. ಫೋನು ಬಡಿದುಕೊಳ್ಳುತ್ತಲೇ ಇತ್ತು. ಅಕ್ಕ ಅದರ ಕಡೆ ತಿರುಗಲಿಲ್ಲ.

"ಮುಂದಿನವರು?" ಎಂದಳು.